ಮೊನೆರೊ ವಾಲೆಟ್ ವಾಪಸ್ ಬಂತು, ದುಡ್ಡು ಪೂರ್ತಿ ಬರಲಿಲ್ಲ: ರಿಸ್ಟೋರ್ ಹೈಟ್ ದೋಷ ಹುಡುಕುವ ಬಗೆ

"ಅಣ್ಣ, ಒಂದು ಕಾಯಿನ್ ಕಾಣ್ತಾ ಇಲ್ಲ. ಮತ್ತೆ ಯಾರೋ 2.0999 ಕಳಿಸಿದ್ದಾರೆ ಅಂತ ತೋರಿಸ್ತಿದೆ. ನಂಗೆ ಯಾರೂ ಅಷ್ಟು ಕಳಿಸಿಲ್ಲ."

ಫೋನ್ ಮಾಡಿದವನು ನನ್ನ ಚಿಕ್ಕಪ್ಪನ ಮಗ. ಹೊರದೇಶದ ಗಿರಾಕಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಾನೆ. 2021ರಲ್ಲಿ ಒಬ್ಬ ಗಿರಾಕಿ ಮೊನೆರೊ ಅನ್ನುವ ಕ್ರಿಪ್ಟೋ ನಾಣ್ಯದಲ್ಲಿ ದುಡ್ಡು ಕೊಟ್ಟಿದ್ದ. ಆಮೇಲೆ ಆ ಲ್ಯಾಪ್‌ಟಾಪ್ ಕೆಟ್ಟಿತು. ಅವನ ಹತ್ತಿರ ಉಳಿದಿದ್ದು 25 ಇಂಗ್ಲಿಷ್ ಪದ ಬರೆದ ಒಂದು ಹಾಳೆ ಮತ್ತು ಅದರ ಮೂಲೆಯಲ್ಲಿ 05/03/21 ಅಂತ ಒಂದು ತಾರೀಖು. ಹೊಸ ಕಂಪ್ಯೂಟರಿನಲ್ಲಿ ಪದಗಳನ್ನು ಹಾಕಿದ. ವಾಲೆಟ್ ತೆರೆಯಿತು. ಬ್ಯಾಲೆನ್ಸ್ 2.8999. ಇರಬೇಕಾದದ್ದು ಸುಮಾರು 3.9.

ಪೂರ್ತಿ ಸೊನ್ನೆ ಬಂದಿದ್ದರೆ ಕಾರಣ ಹಿಡಿಯುವುದು ಸುಲಭ. ಹೀಗೆ ಅರ್ಧಂಬರ್ಧ ಬಂದಾಗ ಜನ ಹೆದರುತ್ತಾರೆ. ಯಾರೋ ಕದ್ದರು ಅಂದುಕೊಳ್ಳುತ್ತಾರೆ. ಆಮೇಲೆ "ಸಪೋರ್ಟ್" ಅಂತ ಹೇಳಿಕೊಳ್ಳುವ ಯಾವನಿಗೋ ಆ 25 ಪದಗಳನ್ನು ಕಳಿಸಿ, ನಿಜವಾಗಿಯೂ ಕಳೆದುಕೊಳ್ಳುತ್ತಾರೆ. ಹಾಗಾಗಿ ಅವನಿಗೆ ನಾನು ಮೊದಲು ಹೇಳಿದ್ದು ಇಷ್ಟೇ: "ಆ ಹಾಳೆ ಯಾರಿಗೂ ತೋರಿಸ್ಬೇಡ. ನಂಗೂ ಕಳಿಸ್ಬೇಡ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು."

ದುಡ್ಡು ವಾಲೆಟ್ ಒಳಗೆ ಇರುವುದಿಲ್ಲ

ಇದು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು. ದುಡ್ಡು ಇರುವುದು ಬ್ಲಾಕ್‌ಚೈನ್‌ನಲ್ಲಿ, ಅಂದರೆ ಎಲ್ಲರೂ ಸೇರಿ ಬರೆಯುವ ಒಂದು ಉದ್ದನೆಯ ಕಿರ್ದಿ ಪುಸ್ತಕದಲ್ಲಿ. ವಾಲೆಟ್ ಮಾಡುವ ಕೆಲಸ ಆ ಪುಸ್ತಕ ಓದಿ "ಈ ಸಾಲು ನಿನ್ನದು" ಅಂತ ಗುರುತು ಹಾಕುವುದು.

ಬಿಟ್‌ಕಾಯಿನ್‌ನಲ್ಲಿ ಪ್ರತಿ ಸಾಲಿನ ಮುಂದೆ ವಿಳಾಸ ಕಾಣುತ್ತದೆ. ವಿಳಾಸದ ಪ್ರಕಾರ ಜೋಡಿಸಿಟ್ಟ ಸರ್ವರ್ ಇದ್ದರೆ, ಕೇಳಿದ ತಕ್ಷಣ ಉತ್ತರ ಸಿಗುತ್ತದೆ. ಮೊನೆರೊದಲ್ಲಿ ಹಾಗಲ್ಲ. ನಿಮಗೆ ಬರುವ ಪ್ರತಿ ಪಾವತಿಯೂ ಒಂದೇ ಸಲ ಬಳಕೆಯಾಗುವ ಹೊಸ ಗುಪ್ತ ವಿಳಾಸಕ್ಕೆ ಹೋಗುತ್ತದೆ. ಪುಸ್ತಕದಲ್ಲಿ ನಿಮ್ಮ ಹೆಸರೂ ಇಲ್ಲ, ವಿಳಾಸವೂ ಇಲ್ಲ, ಮೊತ್ತವೂ ಇಲ್ಲ. ನಿಮ್ಮ ವೀಕ್ಷಣೆಯ ಕೀಲಿ, ಅಂದರೆ ವ್ಯೂ ಕೀ, ಹಿಡಿದು ಒಂದೊಂದೇ ಸಾಲಿನ ಮೇಲೆ ಲೆಕ್ಕ ಮಾಡಿ ನೋಡಿದರೆ ಮಾತ್ರ "ಓ, ಇದು ನಂದು" ಅಂತ ಗೊತ್ತಾಗುವುದು. 2022ರ ಆಗಸ್ಟ್‌ನ ಹಾರ್ಡ್ ಫೋರ್ಕ್‌ನಲ್ಲಿ, ಅಂದರೆ ಎಲ್ಲರೂ ಒಟ್ಟಿಗೆ ಹೊಸ ನಿಯಮಕ್ಕೆ ಬದಲಾದಾಗ, ವ್ಯೂ ಟ್ಯಾಗ್ ಅನ್ನುವ ಒಂದು ಬೈಟ್‌ನ ಗುರುತು ಸೇರಿತು. ಅದರಿಂದ ನಮ್ಮದಲ್ಲದ ಬಹುಪಾಲು ಸಾಲುಗಳನ್ನು ಬೇಗ ದಾಟಬಹುದು. ಆದರೂ ಒಂದೊಂದನ್ನೂ ಮುಟ್ಟಿ ನೋಡುವುದು ತಪ್ಪಿಲ್ಲ.

ಮೊನೆರೊ ಶುರುವಾದದ್ದು 2014ರ ಏಪ್ರಿಲ್ 18ರಂದು. ನಿಮ್ಮ ವಾಲೆಟ್ ಹುಟ್ಟಿದ್ದು 2021ರಲ್ಲಾದರೆ ಮೊದಲಿನ ಏಳು ವರ್ಷದ ಪುಟ ತಿರುವುವುದು ದಂಡ. ಅದಕ್ಕೇ ವಾಲೆಟ್ ವಾಪಸ್ ತರುವಾಗ ಒಂದು ಪ್ರಶ್ನೆ ಕೇಳುತ್ತದೆ: ಎಷ್ಟನೇ ಬ್ಲಾಕ್‌ನಿಂದ, ಅಂದರೆ ಪುಸ್ತಕದ ಎಷ್ಟನೇ ಪುಟದಿಂದ, ಓದಲಿ? ಆ ಸಂಖ್ಯೆಯೇ ರಿಸ್ಟೋರ್ ಹೈಟ್. 25 ಪದದ ಸೀಡ್‌ನಲ್ಲಿ ಈ ಮಾಹಿತಿ ಇರುವುದಿಲ್ಲ. ಅದರಲ್ಲಿ ಕೀಲಿ ಮಾತ್ರ ಇದೆ, ಹುಟ್ಟಿದ ದಿನ ಇಲ್ಲ. ಹಾಳೆಯ ಮೇಲೆ ನೀವೇ ಬರೆದಿಟ್ಟಿರಬೇಕು.

ತುಂಬಾ ಹಿಂದಿನ ಸಂಖ್ಯೆ ಕೊಟ್ಟರೆ ಸಮಯ ಹಾಳು, ಅಷ್ಟೇ. ತುಂಬಾ ಮುಂದಿನ ಸಂಖ್ಯೆ ಕೊಟ್ಟರೆ ಅದಕ್ಕಿಂತ ಮೊದಲು ಬಂದ ದುಡ್ಡು ಕಣ್ಣಿಗೇ ಬೀಳುವುದಿಲ್ಲ. ಕೆಂಪು ಅಕ್ಷರದ ಎಚ್ಚರಿಕೆ ಬರುವುದಿಲ್ಲ. ಎರರ್ ಬರುವುದಿಲ್ಲ. "ಸಿಂಕ್ ಆಯಿತು" ಅಂತ ಹಸಿರು ಗುರುತು ತೋರಿಸಿ ವಾಲೆಟ್ ಆರಾಮಾಗಿ ಕೂತಿರುತ್ತದೆ. ಈ ದೋಷ ಇಷ್ಟು ಜನರನ್ನು ಗೋಳಾಡಿಸುವುದು ಇದೇ ಕಾರಣಕ್ಕೆ.

ಮೊದಲು ವಾಲೆಟ್ ನಿಮ್ಮದೇ ಹೌದಾ ನೋಡಿ

ಹೈಟ್ ಮುಟ್ಟುವ ಮೊದಲು ಇದೊಂದು ಪರೀಕ್ಷೆ. ವಾಪಸ್ ತಂದ ವಾಲೆಟ್‌ನ ಮುಖ್ಯ ವಿಳಾಸ 4ರಿಂದ ಶುರುವಾಗುತ್ತದೆ. ಹಳೆಯ ಇಮೇಲ್, ಬಿಲ್, ಚಾಟ್ ಎಲ್ಲಾದರೂ ಆ ವಿಳಾಸ ಕಳಿಸಿದ್ದರೆ ಹೊಂದಿಸಿ ನೋಡಿ. ಮೊದಲ ಐದಾರು ಅಕ್ಷರ, ಕೊನೆಯ ಐದಾರು ಅಕ್ಷರ ಹೊಂದಿದರೆ ಸಾಕು. ನೀವು ಕೊಟ್ಟಿದ್ದು 8ರಿಂದ ಶುರುವಾಗುವ ಉಪವಿಳಾಸವಾದರೆ ರಿಸೀವ್ ಪುಟದಲ್ಲಿ ಉಪವಿಳಾಸಗಳ ಪಟ್ಟಿ ತೆಗೆದು ನೋಡಿ.

ವಿಳಾಸ ಹೊಂದದಿದ್ದರೆ ಈ ಕೈಪಿಡಿ ನಿಮ್ಮ ಸಮಸ್ಯೆಗಲ್ಲ. ಕಾರಣ ಸೀಡ್‌ನಲ್ಲಿದೆ. ಸೀಡ್‌ಗೆ ಜೊತೆಯಾಗಿ ಒಂದು ಪಾಸ್‌ಫ್ರೇಸ್ ಇಟ್ಟಿದ್ದು ಮರೆತಿರಬಹುದು. ಇಲ್ಲಿ ಒಂದು ಪೇಚಿದೆ: ಪಾಸ್‌ಫ್ರೇಸ್ ತಪ್ಪಾದರೆ "ತಪ್ಪು" ಅಂತ ವಾಲೆಟ್ ಹೇಳುವುದಿಲ್ಲ. ಸುಮ್ನೆ ಬೇರೊಂದು ಖಾಲಿ ವಾಲೆಟ್ ತೆರೆದು ಕೊಡುತ್ತದೆ. ಅದನ್ನು ಎಷ್ಟು ಸಲ ಸ್ಕ್ಯಾನ್ ಮಾಡಿದರೂ ಸೊನ್ನೆಯೇ.

ಪದಗಳ ಬಗ್ಗೆ ಒಂದು ಮಾತು. 25ನೇ ಪದ ಮೊದಲ 24ರಲ್ಲೇ ಒಂದಾಗಿರುತ್ತದೆ. "ಒಂದೇ ಪದ ಎರಡು ಸಲ ಬರೆದುಬಿಟ್ಟಿದ್ದೀನಿ" ಅಂತ ಒಬ್ಬರು ಕೊನೆಯದನ್ನು ಹೊಡೆದುಹಾಕಿದ್ದನ್ನು ನಾನೇ ನೋಡಿದ್ದೇನೆ. ಅದು ತಪ್ಪಲ್ಲ, ಅದು ತಾಳೆ ನೋಡುವ ಪದ. ಮೊದಲ 24 ಪದಗಳಿಂದ ಲೆಕ್ಕ ಹಾಕಿ ಅವುಗಳಲ್ಲೇ ಒಂದನ್ನು ಆರಿಸಿ ಕೊನೆಗೆ ಇಡುತ್ತಾರೆ. ಆರಿಸಲು 24 ಪದ ಮಾತ್ರ ಇರುವುದರಿಂದ ಈ ತಾಳೆ ನೂರಕ್ಕೆ ನೂರು ಅಲ್ಲ. ಪದಗಳು ಹಿಂದುಮುಂದಾದಾಗ 24ರಲ್ಲಿ ಒಂದು ಸಲ ತಪ್ಪು ಸೀಡ್ ಕೂಡ ಪಾಸಾಗಿಬಿಡಬಹುದು. ವಿಳಾಸ ಹೊಂದಿಸಿ ನೋಡಿ ಅಂತ ಒತ್ತಿ ಹೇಳುವುದು ಅದಕ್ಕೇ.

ನಮ್ಮ ಹುಡುಗನ ವಿಳಾಸ ಹೊಂದಿತು. ಸೀಡ್ ಸರಿ.

ನೋಡ್ ಪೂರ್ತಿ ಓದಿದೆಯಾ

ವಾಲೆಟ್‌ಗೆ ಪುಸ್ತಕ ಒದಗಿಸುವುದು ನೋಡ್. ಅದು ನಿಮ್ಮದೇ ಕಂಪ್ಯೂಟರಿನಲ್ಲಿ ಓಡುತ್ತಿದ್ದು ಇನ್ನೂ ಅರ್ಧ ಮಾತ್ರ ಇಳಿದಿದ್ದರೆ, ವಾಲೆಟ್ ಅಲ್ಲಿಯವರೆಗೆ ಓದಿ "ಮುಗೀತು" ಅನ್ನುತ್ತದೆ. ಜಿಯುಐನಲ್ಲಿ, ಅಂದರೆ ಬಟನ್ ಒತ್ತಿ ಬಳಸುವ ಮೊನೆರೊ ವಾಲೆಟ್‌ನಲ್ಲಿ, ಎಡಗಡೆ ಕೆಳಗೆ ಎರಡು ಪಟ್ಟಿ ಇರುತ್ತವೆ, ಒಂದು ವಾಲೆಟ್‌ನದು, ಇನ್ನೊಂದು ಡೀಮನ್‌ನದು, ಅಂದರೆ ನೋಡ್‌ನದು. ಎರಡೂ ತುಂಬಿರಬೇಕು. ಈಗಿನ ಬ್ಲಾಕ್ ಸಂಖ್ಯೆ ಎಷ್ಟು ಅಂತ ಯಾವುದಾದರೂ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ, ಅಂದರೆ ಬ್ಲಾಕ್‌ಚೈನ್ ತೋರಿಸುವ ವೆಬ್‌ಸೈಟಿನಲ್ಲಿ, ನೋಡಿ ಹೊಂದಿಸಿ. ವಾಲೆಟ್ ಸಾಫ್ಟ್‌ವೇರ್ ಹಳೆಯದಾಗಿದ್ದರೆ ಮೊದಲು ಹೊಸದು ಹಾಕಿಕೊಳ್ಳಿ. ಹಾರ್ಡ್ ಫೋರ್ಕ್‌ಗಿಂತ ಹಿಂದಿನ ಆವೃತ್ತಿ ಫೋರ್ಕ್ ಆಚೆಗಿನ ಬ್ಲಾಕ್‌ಗಳನ್ನು ಸರಿಯಾಗಿ ಓದುವುದಿಲ್ಲ.

ಇವೆರಡೂ ಸರಿ ಇದ್ದರೆ ಹೈಟ್ ಕಡೆ ತಿರುಗಿ.

ಆ 2.0999 ಎಲ್ಲಿಂದ ಬಂತು

ಹುಡುಗನ ಫೋನ್‌ನಲ್ಲಿ ನನಗೆ ತಕ್ಷಣ ಸುಳಿವು ಕೊಟ್ಟದ್ದು ಕಾಣೆಯಾದ ಒಂದು ಕಾಯಿನ್ ಅಲ್ಲ. ಯಾರೂ ಕಳಿಸದ ಆ 2.0999.

ಅವನ ಹಳೆಯ ಇಮೇಲ್ ತೆಗೆಸಿ ನಿಜವಾದ ಲೆಕ್ಕ ಬರೆಸಿದೆ. 2021ರ ಮಾರ್ಚ್ 12ರಂದು 1.5 ಬಂದಿತ್ತು. 17ರಂದು 1. 20ರಂದು ಇನ್ನೊಂದು 1. ಜೂನ್‌ನಲ್ಲಿ ಅವನು ಒಬ್ಬರಿಗೆ 0.4 ಕಳಿಸಿದ್ದ. ಆಗಸ್ಟ್‌ನಲ್ಲಿ 0.8 ಬಂದಿತ್ತು. ಒಟ್ಟು, ಫೀ ಕಳೆದು, 3.9ಕ್ಕೆ ಕೂದಲಷ್ಟು ಕಡಿಮೆ.

ಈಗ ಹೊಸದಾಗಿ ತಂದ ವಾಲೆಟ್ ತೋರಿಸುತ್ತಿದ್ದದ್ದು ಎರಡೇ ಸಾಲು. ಜೂನ್‌ನಲ್ಲಿ 2.0999 ಬಂತು. ಆಗಸ್ಟ್‌ನಲ್ಲಿ 0.8 ಬಂತು. ಮಾರ್ಚ್ ತಿಂಗಳೇ ಇಲ್ಲ. ಜೂನ್‌ನಲ್ಲಿ ಕಳಿಸಿದ 0.4 ಕೂಡ ಇಲ್ಲ.

ಆಗಿದ್ದು ಇಷ್ಟು. ಜೂನ್‌ನಲ್ಲಿ 0.4 ಕಳಿಸುವಾಗ ಹಳೆಯ ವಾಲೆಟ್ 1.5ನ್ನೂ ಒಂದು 1ನ್ನೂ ಎತ್ತಿಕೊಂಡಿತ್ತು. 2.5 ಕೊಟ್ಟು 0.4 ದಾಟಿಸಿ, ಫೀ ಹೋಗಿ ಉಳಿದ 2.0999 ಚಿಲ್ಲರೆಯನ್ನು ತನಗೇ ವಾಪಸ್ ಹಾಕಿಕೊಂಡಿತು. ನೂರರ ನೋಟು ಕೊಟ್ಟು ಚಿಲ್ಲರೆ ಈಸಿಕೊಂಡ ಹಾಗೆ. ಈಗ ಹೊಸ ವಾಲೆಟ್ ಮಾರ್ಚ್ ತಿಂಗಳನ್ನು ಓದಿಯೇ ಇಲ್ಲ. ನೋಟು ಕೊಟ್ಟಿದ್ದು ಅದಕ್ಕೆ ಗೊತ್ತಿಲ್ಲ. ಚಿಲ್ಲರೆ ಕೈಗೆ ಬಿದ್ದದ್ದು ಮಾತ್ರ ಕಾಣುತ್ತದೆ. ಹಾಗಾಗಿ ಅದನ್ನು ಹೊಸದಾಗಿ ಬಂದ ದುಡ್ಡು ಅಂತ ಬರೆದುಕೊಂಡಿದೆ. ಜೂನ್‌ನಲ್ಲಿ ಮುಟ್ಟದೆ ಉಳಿದಿದ್ದ ಇನ್ನೊಂದು 1 ಮಾತ್ರ ಮಾರ್ಚ್‌ನಲ್ಲೇ ಸಿಕ್ಕಿಹಾಕಿಕೊಂಡಿದೆ. ಕಾಣೆಯಾದ ಕಾಯಿನ್ ಅದೇ.

ಈ ಗುರುತು ನೆನಪಿಟ್ಟುಕೊಳ್ಳಿ. ನೀವು ಕಳಿಸಿದ ದಿನದಂದು, ಕಳಿಸಿದ ಸಾಲಿನ ಬದಲು ವಿಚಿತ್ರ ಅಂಕಿಯ "ಬಂದ" ಸಾಲು ಕಂಡರೆ, ಓದು ಶುರುವಾದದ್ದು ತಡವಾಗಿ. ಬೇರೆ ಕಾರಣ ಹುಡುಕುವುದು ಬೇಡ. ಕೆಲವೊಮ್ಮೆ ಹಳೆಯ ಕಾಯಿನ್‌ಗಳೆಲ್ಲ ಒಮ್ಮೆ ಖರ್ಚಾಗಿ ಚಿಲ್ಲರೆಯಾಗಿ ತಿರುಗಿ ಬಂದಿರುತ್ತವೆ. ಆಗ ಬ್ಯಾಲೆನ್ಸ್ ಸರಿಯಾಗೇ ಇರುತ್ತದೆ, ಇತಿಹಾಸ ಮಾತ್ರ ತಪ್ಪಿರುತ್ತದೆ. ಅಂಥವರು ವರ್ಷಗಟ್ಟಲೆ ಗಮನಿಸುವುದೇ ಇಲ್ಲ.

05/03 ಅಂದರೆ ಯಾವ ದಿನ?

"ತಾರೀಖು ಏನಂತ ಹಾಕ್ದೆ?" ಅಂದೆ.

"ಹಾಳೇಲಿ ಇರೋದನ್ನೇ ಹಾಕ್ದೆ ಅಣ್ಣ. 2021-05-03."

ಅಲ್ಲೇ ಇತ್ತು ಎಡವಟ್ಟು. ಮೊನೆರೊ ವಾಲೆಟ್ ತಾರೀಖು ಕೇಳುವುದು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ. ನಾವು ಬರೆಯುವುದು ದಿನ, ತಿಂಗಳು, ವರ್ಷ. ಅವನ 05/03 ಅಂದರೆ ಮಾರ್ಚ್ 5. ಅವನು ವರ್ಷವನ್ನು ಮಾತ್ರ ಮುಂದಕ್ಕೆ ತಂದು ಉಳಿದದ್ದನ್ನು ಹಾಗೇ ಬಿಟ್ಟ. ವಾಲೆಟ್ ಅದನ್ನು ಮೇ 3 ಅಂತ ಓದಿತು. ದಿನ 12ಕ್ಕಿಂತ ಜಾಸ್ತಿ ಇದ್ದಿದ್ದರೆ, ಹಾಗೊಂದು ತಿಂಗಳೇ ಇಲ್ಲವಲ್ಲ, ಅಲ್ಲೇ ಗೊತ್ತಾಗುತ್ತಿತ್ತು. 5 ಆದ್ದರಿಂದ ಸದ್ದಿಲ್ಲದೆ ಒಳಗೆ ಹೋಯಿತು.

ಜಿಯುಐನಲ್ಲಿ ತಾರೀಖು ಕೊಟ್ಟರೆ ಅದು ಸುಮಾರು ಒಂದು ತಿಂಗಳು ಹಿಂದಕ್ಕೆ ಸರಿದೇ ಶುರುಮಾಡುತ್ತದೆ. ಒಂದೆರಡು ವಾರದ ತಪ್ಪಾಗಿದ್ದರೆ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಎರಡು ತಿಂಗಳ ತಪ್ಪು ಮುಚ್ಚಿಹೋಗಲಿಲ್ಲ. ಓದು ಏಪ್ರಿಲ್ ಮೊದಲ ವಾರದ ಹೊತ್ತಿಗೆ ಶುರುವಾಯಿತು, ಮಾರ್ಚ್‌ನ ಮೂರು ಪಾವತಿಗಳೂ ಆಚೆ ಉಳಿದವು.

ಸರಿಯಾದ ಸಂಖ್ಯೆ ಹುಡುಕುವುದು

ನಿಮಗೆ ಬೇಕಿರುವುದು ವಾಲೆಟ್‌ಗೆ ಮೊಟ್ಟಮೊದಲ ದುಡ್ಡು ಬಂದದ್ದಕ್ಕಿಂತ ಹಿಂದಿನ ಯಾವುದಾದರೂ ಒಂದು ಬ್ಲಾಕ್. ವಾಲೆಟ್ ಹುಟ್ಟಿದ ನಿಖರ ಗಳಿಗೆ ಬೇಕಿಲ್ಲ.

ಎಲ್ಲಕ್ಕಿಂತ ಗಟ್ಟಿ ಪುರಾವೆ ಮೊದಲ ಪಾವತಿಯ ಟ್ರಾನ್ಸಾಕ್ಷನ್ ಐಡಿ. ಎಕ್ಸ್‌ಚೇಂಜ್‌ನಿಂದ ತೆಗೆದಿದ್ದರೆ ಅಲ್ಲಿನ ವಿತ್‌ಡ್ರಾವಲ್ ಪಟ್ಟಿಯಲ್ಲಿ ಸಿಗುತ್ತದೆ. ಯಾರಾದರೂ ಕಳಿಸಿದ್ದರೆ ಅವರ ವಾಲೆಟ್‌ನಲ್ಲಿ ಇರುತ್ತದೆ. ಅದನ್ನು ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿದರೆ ಯಾವ ಬ್ಲಾಕ್‌ನಲ್ಲಿ ಸೇರಿದೆ ಅಂತ ಬರುತ್ತದೆ. ಮೊತ್ತ ಬರುವುದಿಲ್ಲ, ಮೊನೆರೊ ಅಲ್ವಾ. ನಮಗೆ ಬ್ಲಾಕ್ ಸಂಖ್ಯೆ ಸಾಕು.

ಐಡಿ ಇಲ್ಲದಿದ್ದರೆ ತಾರೀಖಿನ ಸುಳಿವು ಹುಡುಕಿ. ಇಮೇಲ್, ಬಿಲ್, ಹಳೆಯ ಡಿಸ್ಕ್‌ನಲ್ಲಿ ಉಳಿದ ವಾಲೆಟ್ ಫೈಲ್‌ನ ದಿನಾಂಕ. ಅಂದ ಹಾಗೆ, ಹಳೆಯ ಡಿಸ್ಕ್‌ನಲ್ಲಿ ಕೀಸ್ (.keys) ಅಂತ ಕೊನೆಯಾಗುವ ಫೈಲ್ ಸಿಕ್ಕಿ ಅದರ ಪಾಸ್‌ವರ್ಡ್ ನೆನಪಿದ್ದರೆ ಸೀಡ್‌ನಿಂದ ತರುವುದೇ ಬೇಡ. ಆ ಫೈಲ್ ತೆರೆಯಿರಿ, ಹೈಟ್ ಅದರೊಳಗೇ ಇದೆ. ಕೆಲವರು ಸೀಡ್ ಹಾಳೆಯ ಫೋಟೊ ತೆಗೆದಿರುತ್ತಾರೆ, ಫೋಟೊದ ದಿನಾಂಕವೂ ಸುಳಿವೇ. ನಮ್ಮವನೂ ತೆಗೆದಿದ್ದ. 2021ರ ಮಾರ್ಚ್ 5, ರಾತ್ರಿ. ತಾರೀಖು ಖಚಿತವಾಯಿತು. ಆದರೆ ಆ ಫೋಟೊ ಇಷ್ಟು ವರ್ಷ ಕ್ಲೌಡ್‌ನಲ್ಲಿ ಕೂತಿತ್ತು ಅಂತ ಗೊತ್ತಾಗಿ ನನಗೆ ಎದೆ ಧಸಕ್ ಅಂತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ತಾರೀಖು ಸಿಕ್ಕ ಮೇಲೆ ಬ್ಲಾಕ್ ಸಂಖ್ಯೆ ಮಾಡುವುದು ಕೈಲೆಕ್ಕ. ಮೊನೆರೊದಲ್ಲಿ ಮೊದಲು ನಿಮಿಷಕ್ಕೊಂದು ಬ್ಲಾಕ್ ಬರುತ್ತಿತ್ತು. 2016ರ ಮಾರ್ಚ್ 23ರ ಹೊತ್ತಿಗೆ, 10,09,827ನೇ ಬ್ಲಾಕ್‌ನಿಂದ, ಎರಡು ನಿಮಿಷಕ್ಕೊಂದು ಆಯಿತು. ಅಂದರೆ ದಿನಕ್ಕೆ 720. ಆ ದಿನದಿಂದ ನಿಮ್ಮ ತಾರೀಖಿನವರೆಗೆ ಎಷ್ಟು ದಿನ ಅಂತ ಎಣಿಸಿ, 720ರಿಂದ ಗುಣಿಸಿ, 10,09,827 ಕೂಡಿಸಿ.

ಹುಡುಗನಿಗೆ ಮಾಡಿದ್ದು ಹೀಗೆ. 2016ರ ಮಾರ್ಚ್ 23ರಿಂದ 2021ರ ಮಾರ್ಚ್ 5ಕ್ಕೆ 1808 ದಿನ. 1808 × 720 = 13,01,760. ಅದಕ್ಕೆ 10,09,827 ಕೂಡಿಸಿದರೆ 23,11,587.

ಈ ಲೆಕ್ಕ ಎಷ್ಟು ನಂಬಬಹುದು? 2022ರ ಆಗಸ್ಟ್ 13ರ ಹಾರ್ಡ್ ಫೋರ್ಕ್ ಆದದ್ದು 26,88,888ನೇ ಬ್ಲಾಕ್‌ನಲ್ಲಿ. ನಮ್ಮ ಸೂತ್ರ ಆ ದಿನಕ್ಕೆ 26,90,307 ಕೊಡುತ್ತದೆ. 1,419 ಬ್ಲಾಕ್ ಜಾಸ್ತಿ, ಹತ್ತಿರ ಹತ್ತಿರ ಎರಡು ದಿನ. ಆರು ವರ್ಷಕ್ಕೆ ಎರಡು ದಿನದ ತಪ್ಪು ದೊಡ್ಡದಲ್ಲ. ಆದರೆ ತಪ್ಪು ಯಾವ ಕಡೆಗೆ ಅನ್ನುವುದು ಮುಖ್ಯ. ಸೂತ್ರ ಮುಂದಕ್ಕೆ ಹೋಗಿದೆ, ಅಂದರೆ ನಮಗೆ ಬೇಡದ ದಿಕ್ಕಿಗೆ. ಹಾಗಾಗಿ ಬಂದ ಸಂಖ್ಯೆಯನ್ನು ಹಾಗೇ ಹಾಕಬೇಡಿ. ಒಂದು ತಿಂಗಳ ಬ್ಲಾಕ್, ಅಂದರೆ 21,600, ಕಳೆಯಿರಿ. 22,89,987 ಆಯಿತು. ನಾನು ಇನ್ನೂ ಹಿಂದಕ್ಕೆ ಹೋಗಿ 22,80,000 ಅಂತ ರೌಂಡ್ ಮಾಡಿದೆ. ಹದಿನೈದು ದಿನ ಜಾಸ್ತಿ ಓದಿದರೆ ಏನೂ ಮುಳುಗಿಹೋಗುವುದಿಲ್ಲ.

ಸಂಖ್ಯೆ ಟೈಪ್ ಮಾಡುವಾಗ ಅಲ್ಪವಿರಾಮ ಹಾಕಬೇಡಿ. 2280000 ಅಂತ ಒಟ್ಟಿಗೆ.

ತಾರೀಖಿನ ಸುಳಿವೇ ಇಲ್ಲದವರಿಗೆ ಕೆಲವರು "ಸೊನ್ನೆ ಹಾಕು, ಎಲ್ಲ ಬರುತ್ತೆ" ಅನ್ನುತ್ತಾರೆ. ಸುಳ್ಳಲ್ಲ. ಆದರೆ ಬೇರೆಯವರ ರಿಮೋಟ್ ನೋಡ್ ಇಟ್ಟುಕೊಂಡು ಸೊನ್ನೆಯಿಂದ ಓದಿಸುವುದು ಹಿಂಸೆ. ಗಂಟೆಗಟ್ಟಲೆ ಹಿಡಿಯುತ್ತದೆ, ಮಧ್ಯೆ ಕನೆಕ್ಷನ್ ಕಡಿಯುತ್ತದೆ. ನನ್ನನ್ನು ಕೇಳಿದರೆ, ಮೊನೆರೊ ಹೆಸರು ನೀವು ಮೊದಲು ಕೇಳಿದ್ದು ಯಾವ ವರ್ಷ ಅಂತ ನೆನಪು ಮಾಡಿಕೊಳ್ಳಿ. ಆ ವರ್ಷದ ಜನವರಿ 1ರ ಸಂಖ್ಯೆ ಹಾಕಿ. ಅದಕ್ಕಿಂತ ಹಿಂದೆ ನಿಮ್ಮ ದುಡ್ಡು ಇರಲು ಸಾಧ್ಯವಿಲ್ಲವಲ್ಲ.

16 ಪದದ ಪಾಲಿಸೀಡ್ ಅನ್ನುವ ಬೇರೆ ಬಗೆಯ ಸೀಡ್ ಇದ್ದವರಿಗೆ ಈ ತಲೆನೋವು ಕಡಿಮೆ. ಅದರಲ್ಲಿ ಹುಟ್ಟಿದ ತಿಂಗಳು ಪದಗಳೊಳಗೇ ಸೇರಿರುತ್ತದೆ. ಫೆದರ್, ಕೇಕ್ ವಾಲೆಟ್‌ಗಳಲ್ಲಿ ಹೊಸದಾಗಿ ವಾಲೆಟ್ ಮಾಡುವಾಗ ಇದು ಸಿಗುತ್ತದೆ.

ಸಂಖ್ಯೆ ಬದಲಿಸಿದರೆ ಸಾಲದು

ಹುಡುಗ ಸಂಖ್ಯೆ ತಿಳಿದ ಕೂಡಲೇ ಕಮಾಂಡ್ ಲೈನ್ ವಾಲೆಟ್, ಅಂದರೆ ಆದೇಶ ಟೈಪ್ ಮಾಡಿ ನಡೆಸುವ ವಾಲೆಟ್, ತೆರೆದು ಹೊಸ ಹೈಟ್ ಕೊಟ್ಟು ರಿಫ್ರೆಶ್ ಅಂದ. ಏನೂ ಆಗಲಿಲ್ಲ. ಆಗುವುದೂ ಇಲ್ಲ. ವಾಲೆಟ್ ಆಗಲೇ ಪುಸ್ತಕದ ಕೊನೆಯ ಪುಟದವರೆಗೆ ಓದಿಯಾಗಿದೆ. ರಿಫ್ರೆಶ್ ಅಂದರೆ ಅಲ್ಲಿಂದ ಮುಂದಿನದನ್ನು ಓದು ಅಂತ. ಹಿಂದಿನ ಪುಟಕ್ಕೆ ಕಳಿಸಬೇಕಾದರೆ ಓದಿದ್ದನ್ನು ಮರೆಸಬೇಕು. ಅದಕ್ಕೆ ರೀಸ್ಕ್ಯಾನ್ ಬೇಕು.

ಜಿಯುಐನಲ್ಲಿ ಸೆಟ್ಟಿಂಗ್ಸ್ ಒಳಗೆ ಇನ್ಫೊ ಪುಟ ತೆಗೆಯಿರಿ. "ವಾಲೆಟ್ ರಿಸ್ಟೋರ್ ಹೈಟ್" ಅನ್ನುವ ಸಾಲಿನ ಪಕ್ಕ ಚೇಂಜ್ ಅಂತ ಇರುತ್ತದೆ. ಒತ್ತಿ ಹೊಸ ಸಂಖ್ಯೆ ಕೊಡಿ. ಹಳೆಯ ಕ್ಯಾಶ್ (cache), ಅಂದರೆ ಇದುವರೆಗೆ ಓದಿದ್ದನ್ನು ಬರೆದಿಟ್ಟ ಫೈಲ್, ತೆಗೆದು ಮತ್ತೆ ಓದಲು ಅದು ಅನುಮತಿ ಕೇಳುತ್ತದೆ. ಕಮಾಂಡ್ ಲೈನ್‌ನಲ್ಲಾದರೆ ಮೊದಲು ಸೆಟ್ ಕಮಾಂಡ್‌ನಿಂದ ರಿಫ್ರೆಶ್ ಫ್ರಮ್ ಬ್ಲಾಕ್ ಹೈಟ್ (refresh-from-block-height) ಬದಲಿಸಿ, ಆಮೇಲೆ ರೀಸ್ಕ್ಯಾನ್ ಬಿಸಿ (rescan_bc) ಕೊಡಬೇಕು. ಕೇಕ್‌ನಂಥ ಮೊಬೈಲ್ ಆ್ಯಪ್‌ಗಳಲ್ಲಿ ರೀಸ್ಕ್ಯಾನ್ ಅನ್ನುವ ಆಯ್ಕೆಯೇ ಇರುತ್ತದೆ.

ಒಪ್ಪಿಗೆ ಕೊಡುವ ಮುಂಚೆ ಒಂದು ಸಲ ಓದಿ. ನೀವು ಯಾರಿಗೆ ಕಳಿಸಿದಿರಿ ಅನ್ನುವ ವಿಳಾಸ, ಟ್ರಾನ್ಸಾಕ್ಷನ್ ಕೀ, ನೀವು ಬರೆದ ಟಿಪ್ಪಣಿ, ಇವು ಬ್ಲಾಕ್‌ಚೈನ್‌ನಲ್ಲಿ ಇರುವುದಿಲ್ಲ. ಇರುವುದು ಆ ಕ್ಯಾಶ್ ಫೈಲ್‌ನಲ್ಲಿ ಮಾತ್ರ. ಸೀಡ್‌ನಿಂದ ಈಗಷ್ಟೇ ತಂದ ವಾಲೆಟ್‌ನಲ್ಲಿ ಅವು ಹೇಗೂ ಇಲ್ಲ, ಚಿಂತೆ ಬೇಡ. ವರ್ಷಗಟ್ಟಲೆ ಬಳಸುತ್ತಿರುವ ವಾಲೆಟ್ ಆದರೆ ಫೋಲ್ಡರ್ ಪೂರ್ತಿ ಕಾಪಿ ಮಾಡಿಟ್ಟುಕೊಂಡು ಆಮೇಲೆ ಮುಟ್ಟಿ.

ಓದು ನಡೆಯುವಾಗ ಬ್ಯಾಲೆನ್ಸ್ ನೋಡುತ್ತಾ ಕೂರಬೇಡಿ. ಕಾಲದ ಪ್ರಕಾರ ಅದು ಏರುತ್ತದೆ, ಇಳಿಯುತ್ತದೆ. ನಮ್ಮವನು ನೋಡುತ್ತಾ ಕೂತಿದ್ದ. 1.5 ಆಯಿತು, 2.5 ಆಯಿತು, 3.5 ಆಯಿತು. "ಬಂತು ಅಣ್ಣ!" ಅಂತ ಮೆಸೇಜ್. ಹತ್ತು ನಿಮಿಷ ಬಿಟ್ಟು "ಅಯ್ಯೋ, 3.1ಕ್ಕೆ ಇಳೀತು" ಅಂತ ಇನ್ನೊಂದು. ಅದು ಜೂನ್‌ನ 0.4. ಅವನೇ ಕಳಿಸಿದ್ದು. ಈ ಸಲ ವಾಲೆಟ್ ನೋಟು ಕೊಟ್ಟಿದ್ದನ್ನೂ ಕಂಡಿದೆ, ಚಿಲ್ಲರೆ ಬಂದದ್ದನ್ನೂ ಕಂಡಿದೆ. ಆ 2.0999ರ ಸಾಲು ಮಾಯವಾಗಿ ಅಲ್ಲಿ ಹೊರಹೋದ 0.4 ಕೂತಿತ್ತು. ಕೊನೆಗೆ ಆಗಸ್ಟ್‌ನ 0.8 ಸೇರಿ 3.8999ಕ್ಕೆ ನಿಂತಿತು.

ಹೈಟ್ ಸರಿ ಮಾಡಿದರೂ ಬರದಿದ್ದರೆ

ಅಂಗಡಿಯವರಿಗೆ ಒಂದು ಬೇರೆ ತೊಂದರೆ ಬರುತ್ತದೆ. ಪ್ರತಿ ಗಿರಾಕಿಗೂ ಹೊಸ ಉಪವಿಳಾಸ ಕೊಟ್ಟಿರುತ್ತಾರೆ. ವಾಪಸ್ ತಂದ ವಾಲೆಟ್ ತಾನಾಗಿ ಹುಡುಕುವುದು ಪ್ರತಿ ಖಾತೆಯಲ್ಲಿ 200 ಉಪವಿಳಾಸ ಮುಂದಕ್ಕೆ, ಖಾತೆಗಳಾದರೆ 50. ನೀವು ಕೊಟ್ಟ 300 ವಿಳಾಸಗಳಲ್ಲಿ ಮೊದಲ ಇನ್ನೂರಕ್ಕೂ ಯಾರೂ ದುಡ್ಡು ಹಾಕದೆ 250ನೆಯದಕ್ಕೆ ಹಾಕಿದ್ದರೆ ಅದು ತಪ್ಪಿಹೋಗುತ್ತದೆ. ಕಮಾಂಡ್ ಲೈನ್‌ನಲ್ಲಿ ಸಬ್‌ಅಡ್ರೆಸ್ ಲುಕ್‌ಅಹೆಡ್, ಅಂದರೆ ಎಷ್ಟು ಮುಂದಕ್ಕೆ ಹುಡುಕಬೇಕು ಅನ್ನುವ ಸಂಖ್ಯೆ, ಹೆಚ್ಚಿಸಿ ಮತ್ತೆ ತರಬೇಕು.

ಖರ್ಚು ಮಾಡಿದ್ದು ಕಾಣದೆ ಬಂದದ್ದೆಲ್ಲ ಕಂಡು ಬ್ಯಾಲೆನ್ಸ್ ಜಾಸ್ತಿ ತೋರಿಸಿದರೆ, ನೀವು ತೆರೆದಿರುವುದು ವ್ಯೂ ಓನ್ಲಿ, ಅಂದರೆ ನೋಡಲು ಮಾತ್ರ ಆಗುವ ವಾಲೆಟ್. ಖರ್ಚಿನ ಕೀಲಿ ಇಲ್ಲದೆ ಅದಕ್ಕೆ ಹೊರಹೋದದ್ದು ಗೊತ್ತಾಗುವುದಿಲ್ಲ.

ಒಂದೇ ಒಂದು ಪಾವತಿ ಬಗ್ಗೆ ಅನುಮಾನ ಇದ್ದರೆ ಪೂರ್ತಿ ರೀಸ್ಕ್ಯಾನ್ ಬದಲು ಕಮಾಂಡ್ ಲೈನ್‌ನ ಸ್ಕ್ಯಾನ್ ಟಿಎಕ್ಸ್ (scan_tx) ಬಳಸಿ ಆ ಐಡಿಯನ್ನು ಮಾತ್ರ ಓದಿಸಬಹುದು. ಆದರೆ ರಿಮೋಟ್ ನೋಡ್‌ನಲ್ಲಿ ಹಾಗೆ ಮಾಡಿದರೆ ಆ ಪಾವತಿ ನಿಮಗೆ ಸಂಬಂಧಪಟ್ಟದ್ದು ಅಂತ ನೋಡ್ ಇಟ್ಟವರಿಗೆ ಗೊತ್ತಾಗುತ್ತದೆ.

ಇದು ಮೊನೆರೊ ಒಂದರದ್ದೇ ಕಥೆ ಅಲ್ಲ. ಜೀಕ್ಯಾಶ್ ಅನ್ನುವ ಇನ್ನೊಂದು ನಾಣ್ಯದ ಮುಚ್ಚಿದ ವಿಳಾಸಗಳಿಗೂ ಹೀಗೇ "ಬರ್ತ್‌ಡೇ ಹೈಟ್" ಕೇಳುತ್ತಾರೆ. ಅಲ್ಲಿ ಏನೂ ಗೊತ್ತಿಲ್ಲದಿದ್ದರೆ ಸ್ಯಾಪ್ಲಿಂಗ್ ಅನ್ನುವ ಅಪ್‌ಗ್ರೇಡ್ ಶುರುವಾದ 4,19,200ನೇ ಬ್ಲಾಕ್, ಅಂದರೆ 2018ರ ಅಕ್ಟೋಬರ್ 28, ತಳ. ಬಿಟ್‌ಕಾಯಿನ್ ಕೋರ್ ಅನ್ನುವ ಬಿಟ್‌ಕಾಯಿನ್ ಸಾಫ್ಟ್‌ವೇರಿನಲ್ಲಿ ಹಳೆಯ ಡಿಸ್ಕ್ರಿಪ್ಟರ್, ಅಂದರೆ ವಾಲೆಟ್‌ನ ಕೀಲಿ, ವಿಳಾಸಗಳ ವಿವರ, ತರುವಾಗ ಸಮಯದ ಜಾಗದಲ್ಲಿ "ನೌ" ಅಂತ ಕೊಟ್ಟರೆ ಅದು ಹಿಂದಿನದನ್ನು ಓದುವುದೇ ಇಲ್ಲ, ಬ್ಯಾಲೆನ್ಸ್ ಸೊನ್ನೆ. ನೋಡ್ ಪ್ರೂನ್ ಮಾಡಿದ್ದರೆ ಇನ್ನೂ ಕಷ್ಟ, ಹಳೆಯ ಪುಟಗಳನ್ನೇ ಅಳಿಸಿಹಾಕಿರುತ್ತದೆ.

ಆ ಫೋಟೊ

ಬ್ಯಾಲೆನ್ಸ್ ಸರಿಯಾದ ಮೇಲೆ ಹುಡುಗನಿಗೆ ಇನ್ನೊಂದು ಕೆಲಸ ಹಚ್ಚಿದೆ. ಸೀಡ್ ಹಾಳೆಯ ಫೋಟೊ ಕ್ಲೌಡ್‌ಗೆ ಹೋಗಿದೆ ಅಂದರೆ ಆ ಸೀಡ್ ಇನ್ನು ಗುಟ್ಟಲ್ಲ. ಫೋಟೊ ಅಳಿಸಿದರೂ ಎಲ್ಲೆಲ್ಲಿ ಕಾಪಿ ಉಳಿದಿದೆಯೋ ಯಾರಿಗೆ ಗೊತ್ತು. ಹೊಸ ವಾಲೆಟ್ ಮಾಡಿಸಿ ಹೊಸ ಸೀಡ್ ಬರೆಸಿದೆ. ಮೂಲೆಯಲ್ಲಿ ತಾರೀಖು ಬರೆಯುವಾಗ ತಿಂಗಳನ್ನು ಅಕ್ಷರದಲ್ಲಿ ಬರಿ ಅಂದೆ, ಪಕ್ಕದಲ್ಲಿ ಆ ಹೊತ್ತಿನ ಬ್ಲಾಕ್ ಸಂಖ್ಯೆಯನ್ನೂ. ಆಮೇಲೆ ಹಳೆಯದರಲ್ಲಿದ್ದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದ.

ಮೂರು ನಿಮಿಷಕ್ಕೆ ಮತ್ತೆ ಫೋನು.

"ಅಣ್ಣ, ದುಡ್ಡು ಬಂದಿದೆ ಅಂತ ತೋರಿಸ್ತಿದೆ, ಆದ್ರೆ ಅನ್‌ಲಾಕ್ಡ್ ಬ್ಯಾಲೆನ್ಸ್ ಸೊನ್ನೆ. ಮತ್ತೆ ಹೈಟ್ ತಪ್ಪಾಯ್ತಾ?"

"ಇಲ್ಲ ಮಾರಾಯ. ಈಗ ಬಂದ ದುಡ್ಡಿನ ಮೇಲೆ ಹತ್ತು ಬ್ಲಾಕ್ ಕೂರ್ಬೇಕು. ಇಪ್ಪತ್ತು ನಿಮಿಷ. ಏನೂ ಮುಟ್ಟಬೇಡ, ಹೋಗಿ ಕಾಫಿ ಕುಡಿ."